ಆಗಾಗ ನಿಂತುಹೋಗುವ ಕಾರಿನ ವೈಪರ್: ದೋಷ ಪತ್ತೆ ಮತ್ತು ನಿವಾರಣೆ

ಹಸ್ತ, ಚಿತ್ತೆ ಮಳೆಗಳು ಹಿಡಿದುಕೊಳ್ಳುವ ಹೊತ್ತಿಗೆ ಕೋಲಾರದಲ್ಲಿ ಆಟೊ ಎಲೆಕ್ಟ್ರಿಕಲ್ ಕೆಲಸ ಮಾಡುವ ನಮ್ಮಂಥವರ ಬಳಿಗೆ ಒಂದೇ ಬಗೆಯ ದೂರಿನ ಕಾರುಗಳು ಬರತೊಡಗುತ್ತವೆ. ವೈಪರ್ ಓಡುತ್ತಿರುವಾಗಲೇ ನಿಂತುಬಿಡುತ್ತದೆ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಓಡತೊಡಗುತ್ತದೆ, ಅಂಗಡಿಯ ಮುಂದೆ ತಂದು ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಗಾಜು ಒರೆಸುತ್ತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರ್ ಚಿಲ್ಲರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮೂರು ತಿಂಗಳಲ್ಲೇ ಬಿದ್ದು ಮುಗಿಯುತ್ತದೆ. ಹೀಗಾಗಿ ಡಿಸೆಂಬರ್‌ನಿಂದ ಮಾವಿನ ಮಳೆ ಬರುವ ತನಕ ವೈಪರಿಗೆ ಕೆಲಸವೇ ಇರುವುದಿಲ್ಲ. ಅದರ ಕೀಲುಗಳಲ್ಲಿ ಗ್ರೀಸ್ ಒಣಗಿ ಧೂಳಿನೊಂದಿಗೆ ಗಟ್ಟಿಯಾಗುತ್ತದೆ, ಕನೆಕ್ಟರ್‌ಗಳಲ್ಲಿ ಕಿಲುಬು ಕಟ್ಟುತ್ತದೆ, ಮತ್ತು ಇದೆಲ್ಲ ಗೊತ್ತಾಗುವುದು ಮುಳಬಾಗಿಲಿನ ಕಡೆಯಿಂದ ರಾತ್ರಿ ಹೊತ್ತು ಲಾರಿಗಳ ಹಿಂದೆ ಬರುತ್ತಿರುವಾಗ ಜಡಿಮಳೆ ಸುರಿದ ದಿನ.

ಇಂಥ ದೋಷಕ್ಕೆ ಮೊದಲು ಮೋಟರನ್ನೇ ಬದಲಿಸುವ ರೂಢಿ ಬೆಳೆದುಬಿಟ್ಟಿದೆ. ನಾನು ಕಂಡಮಟ್ಟಿಗೆ ಬಿಚ್ಚಿ ಎಸೆದ ಮೋಟರುಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇದ್ದವು. ಮೋಟರಿಗೆ ಕರೆಂಟು ಬರುವ ದಾರಿ, ಅಲ್ಲಿಂದ ಅದು ಬ್ಯಾಟರಿಗೆ ಮರಳುವ ದಾರಿ ಮತ್ತು ಮೋಟರ್ ಎಳೆಯಬೇಕಾದ ಭಾರ, ಈ ಮೂರನ್ನು ನೋಡಿದ ಮೇಲಷ್ಟೇ ಮೋಟರಿನ ಮೇಲೆ ಕೈಹಾಕಬೇಕು. ಅದನ್ನೂ ವೈಪರ್ ನಿಂತ ಗಳಿಗೆಯಲ್ಲೇ ನೋಡಬೇಕು, ಏಕೆಂದರೆ ಓಡುತ್ತಿರುವ ವೈಪರನ್ನು ಎಷ್ಟು ಪರೀಕ್ಷಿಸಿದರೂ ಅದು ಏಕೆ ನಿಂತಿತೆಂಬುದು ತಿಳಿಯುವುದಿಲ್ಲ.

ನಿಂತಾಗ ಗಮನಿಸಬೇಕಾದ ಸಂಗತಿಗಳು

ದಾರಿಯಲ್ಲಿ ವೈಪರ್ ನಿಂತರೆ ಮೊದಲು ಹಜಾರ್ಡ್ ದೀಪ ಹಾಕಿ ಕಾರನ್ನು ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ಕೀ ಆಫ್ ಮಾಡುವ ಮೊದಲು ಒಂದು ನಿಮಿಷ ಕೂತು ನಾಲ್ಕು ಸಂಗತಿಗಳನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆಯೇ.

ಮೊದಲನೆಯದಾಗಿ, ಕಡ್ಡಿಗಳು ಎಲ್ಲಿ ನಿಂತಿವೆ? ಗಾಜಿನ ನಡುವೆ ನಿಂತಿದ್ದರೆ ಓಟದ ಮಧ್ಯೆ ಕರೆಂಟು ಕಡಿದಿದೆ ಅಥವಾ ಯಂತ್ರ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಕೆಳಗೆ ತಮ್ಮ ಜಾಗಕ್ಕೆ ಹೋಗಿ ಅಚ್ಚುಕಟ್ಟಾಗಿ ಮಲಗಿದ್ದರೆ ಮೋಟರ್, ಅದರ ಅರ್ತ್ (ಕರೆಂಟು ಬ್ಯಾಟರಿಗೆ ಮರಳುವ ದಾರಿ) ಮತ್ತು ಕಡ್ಡಿಗಳನ್ನು ಕೆಳಗೆ ತಂದು ಮಲಗಿಸುವ ಪಾರ್ಕಿಂಗ್ ಸ್ವಿಚ್ಚಿಗೆ ಬರುವ ಸಪ್ಲೈ ಮೂರೂ ಸರಿಯಾಗಿವೆ. ಸ್ವಿಚ್ ಅಥವಾ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಕಡೆಯಿಂದ ಬರಬೇಕಾದ ಆದೇಶವಷ್ಟೇ ತಪ್ಪಿದೆ. ಈ ಒಂದು ವ್ಯತ್ಯಾಸವನ್ನು ಚಾಲಕರು ನೆನಪಿಟ್ಟುಕೊಂಡು ಹೇಳಿದರೆ ನಮಗೆ ಒಂದು ಗಂಟೆಯ ಕೆಲಸ ಉಳಿಯುತ್ತದೆ, ಆದರೆ ಕೇಳಿದಾಗ ಬಹುತೇಕರು ಹೇಳುವುದು «ನಿಂತುಹೋಯ್ತು ಅಷ್ಟೇ» ಎಂದು.

ಎರಡನೆಯದು, ವೈಪರಿನ ಜೊತೆಗೆ ಇನ್ನೇನು ನಿಂತಿತು ಎಂಬುದು. ಎಸಿ ಬ್ಲೋವರ್, ಪವರ್ ವಿಂಡೋ, ಇಂಡಿಕೇಟರ್ ಇವುಗಳಲ್ಲಿ ಯಾವುದಾದರೂ ಅದೇ ಗಳಿಗೆಯಲ್ಲಿ ಸತ್ತಿದ್ದರೆ ದೋಷ ವೈಪರಿನದ್ದೇ ಅಲ್ಲ; ಇವೆಲ್ಲಕ್ಕೂ ಸೇರಿದ ಇಗ್ನಿಷನ್ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟ್, ಇಗ್ನಿಷನ್ ರಿಲೇ ಅಥವಾ ಎಲ್ಲವೂ ಸೇರುವ ಅರ್ತ್ ಬೋಲ್ಟ್ ಕಡೆಗೆ ತಿರುಗಬೇಕು. ಕೀಲಿಯನ್ನು ಆನ್ ಸ್ಥಾನದಲ್ಲಿಯೇ ಕೂದಲೆಳೆಯಷ್ಟು ಅತ್ತಿತ್ತ ಆಡಿಸಿದಾಗ ವೈಪರ್ ಮತ್ತೆ ಓಡಿದರೆ ಇಗ್ನಿಷನ್ ಸ್ವಿಚ್ ಸಿಕ್ಕಿಬಿದ್ದಂತೆ.

ಮೂರನೆಯದು ಶಬ್ದ. ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು ಕಿವಿಗೊಟ್ಟು ಕೇಳಬೇಕು. ಮೋಟರ್ ಗುಂಯ್ ಎಂದು ತಿರುಗುತ್ತಿದ್ದು ಕಡ್ಡಿಗಳು ಮಾತ್ರ ಅಲುಗದಿದ್ದರೆ ಇದು ಕರೆಂಟಿನ ದೋಷವಲ್ಲ. ಮೋಟರಿನ ಓಟವನ್ನು ಕಡ್ಡಿಗಳಿಗೆ ಮುಟ್ಟಿಸುವ ಸರಳುಗಳ ಜೋಡಣೆಯಾದ ಲಿಂಕೇಜಿನ ಗುಂಡುಕೀಲು ಬುಷ್‌ನಿಂದ ಕಳಚಿದೆ, ಅಥವಾ ಮೋಟರಿನ ತುದಿಯ ತೋಳಾದ ಕ್ರ್ಯಾಂಕ್ ಇಲ್ಲವೇ ಕಡ್ಡಿಯ ಬುಡದ ನಟ್ಟು ಸಡಿಲಾಗಿ ಹಲ್ಲುಗಳು ಜಾರುತ್ತಿವೆ. ಒಂದೇ ಕಡ್ಡಿ ನಿಂತು ಇನ್ನೊಂದು ಓಡುತ್ತಿದ್ದರೂ ಕಾರಣ ಇದೇ, ಮೀಟರ್ ಹುಡುಕುವ ಅಗತ್ಯವಿಲ್ಲ.

ನಾಲ್ಕನೆಯದು ಸಮಯ. ಹೊಂಡ ಹಾರಿದಾಗ, ಸ್ಟೇರಿಂಗ್ ತಿರುಗಿಸಿದಾಗ, ಹೆಡ್‌ಲೈಟ್ ಹಾಕಿದಾಗ ನಿಲ್ಲುವುದೋ, ಅಥವಾ ಹತ್ತು ನಿಮಿಷ ಓಡಿದ ಮೇಲೆ ನಿಂತು ಐದು ನಿಮಿಷ ಸುಧಾರಿಸಿಕೊಂಡು ಮತ್ತೆ ಓಡುವುದೋ? ಮೊದಲಿನ ಬಗೆ ಲೂಸ್ ಕಾಂಟ್ಯಾಕ್ಟಿನ ಗುಣ. ಎರಡನೆಯದು ಕಾವಿನ ಗುಣ. ಇವೆರಡನ್ನೂ ಮುಂದೆ ವಿವರವಾಗಿ ನೋಡೋಣ.

ಕರೆಂಟು ಹೋಗುವ ದಾರಿ

ವೈಪರ್ ಮೋಟರಿನಲ್ಲಿ ಸಾಮಾನ್ಯವಾಗಿ ಅದರ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಮೂರು ಕಾರ್ಬನ್‌ಗಳಿರುತ್ತವೆ. ಒಂದು ಎರಡೂ ವೇಗಕ್ಕೆ ಸೇರಿದ್ದು, ಅದರ ಎದುರಿನದು ನಿಧಾನದ ಓಟಕ್ಕೆ, ಓರೆಯಾಗಿ ಕೂತಿರುವ ಮೂರನೆಯದು ಜೋರಿನ ಓಟಕ್ಕೆ. ಬ್ಯಾಟರಿಯಿಂದ ಹೊರಟ ಕರೆಂಟು ಇಗ್ನಿಷನ್ ಸ್ವಿಚ್ ಅಥವಾ ರಿಲೇ, ಫ್ಯೂಸ್, ಸ್ಟೇರಿಂಗ್ ಬಳಿಯ ಕಾಂಬಿನೇಷನ್ ಸ್ವಿಚ್, ಇವುಗಳನ್ನು ದಾಟಿ ಮೋಟರಿಗೆ ಬರುತ್ತದೆ. ಅಲ್ಲಿಂದ ಅರ್ತ್ ವೈರಿನ ಮೂಲಕ ಕಾರಿನ ತಗಡಿನ ಮೈಗೆ (ಬಾಡಿ), ಬಾಡಿಯಿಂದ ಬ್ಯಾಟರಿಗೆ ಮರಳುತ್ತದೆ. ಇದರ ಜೊತೆಗೆ ಮೋಟರಿನ ಗೇರ್‌ಬಾಕ್ಸಿನೊಳಗೆ ತಾಮ್ರದ ಪಟ್ಟಿಯ ಒಂದು ಪುಟ್ಟ ಪಾರ್ಕಿಂಗ್ ಸ್ವಿಚ್ ಇರುತ್ತದೆ. ನಾವು ಸ್ವಿಚ್ ಆಫ್ ಮಾಡಿದ ಮೇಲೂ ಕಡ್ಡಿಗಳು ಕೆಳಗೆ ಬಂದು ಮಲಗುವ ತನಕ ಮೋಟರಿಗೆ ಕರೆಂಟು ಕೊಡುವುದು, ಮಲಗಿದ ಗಳಿಗೆಯಲ್ಲಿ ಅದನ್ನು ಕಡಿದು ಮೋಟರಿಗೆ ಬ್ರೇಕ್ ಹಾಕುವುದು ಇದರ ಕೆಲಸ.

ಈ ನಕ್ಷೆ ತಲೆಯಲ್ಲಿದ್ದರೆ ಸ್ವಿಚ್ಚಿನ ಸ್ಥಾನಗಳನ್ನು ಬದಲಿಸಿ ನೋಡುವುದೇ ಒಂದು ಪರೀಕ್ಷೆಯಾಗುತ್ತದೆ. ನಿಧಾನದ ಓಟ ನಿಂತಾಗ ಜೋರಿಗೆ ಹಾಕಿದರೆ ಓಡುವುದಾದರೆ ಫ್ಯೂಸ್, ಅರ್ತ್, ಲಿಂಕೇಜ್ ಮೂರನ್ನೂ ಬಿಟ್ಟುಬಿಡಬಹುದು. ನಿಧಾನದ ಕಾರ್ಬನ್, ಅದರ ವೈರ್ ಅಥವಾ ಸ್ವಿಚ್ಚಿನ ಆ ಒಂದು ಕಾಂಟ್ಯಾಕ್ಟ್ ಮಾತ್ರ ಉಳಿಯುತ್ತವೆ. ಎರಡೂ ವೇಗ ಒಟ್ಟಿಗೆ ಸತ್ತರೆ ಎರಡಕ್ಕೂ ಸೇರಿದ ದಾರಿಯನ್ನೇ ಹುಡುಕಬೇಕು.

ಬಿಟ್ಟು ಬಿಟ್ಟು ಓಡುವ ಇಂಟರ್ಮಿಟೆಂಟ್ ಸ್ಥಾನದಲ್ಲಿ ಮಾತ್ರ ತೊಂದರೆ ಎಂದಾಗ ಎಲ್ಲರೂ ಟೈಮರ್ ರಿಲೇ ಬದಲಿಸಲು ಹೊರಡುತ್ತಾರೆ. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಕರ್ನ್ಸ್ ರೂಪಿಸಿದ ಟ್ರಾನ್ಸಿಸ್ಟರ್, ಕೆಪಾಸಿಟರ್ ಏರ್ಪಾಡಿನ ಬಗೆಯಲ್ಲೇ ಕೆಲಸ ಮಾಡುವ ರಿಲೇಗಳು ಹಳೆಯ ಕಾರುಗಳಲ್ಲಿ ಇನ್ನೂ ಇವೆ, ಅವುಗಳ ಬೆಸುಗೆ ಬಿರುಕು ಬಿಡುವುದೂ ಉಂಟು. ಆದರೆ ಟೈಮರ್ ಕೊಡುವುದು ಕ್ಷಣಕಾಲದ ತಳ್ಳು ಮಾತ್ರ. ಕಡ್ಡಿ ಮೇಲೇರಿ ಕೆಳಗಿಳಿಯುವ ಉಳಿದ ಸುತ್ತನ್ನು ಪೂರೈಸುವುದು ಪಾರ್ಕಿಂಗ್ ಸ್ವಿಚ್ಚಿನ ಕರೆಂಟು. ಆದ್ದರಿಂದ ಇಂಟರ್ಮಿಟೆಂಟಿನಲ್ಲಿ ಕಡ್ಡಿ ನಾಲ್ಕು ಬೆರಳು ಎದ್ದು ಅಲ್ಲಿಯೇ ನಿಲ್ಲುತ್ತಿದ್ದರೆ, ಆಫ್ ಮಾಡಿದಾಗ ಗಾಜಿನ ನಡುವೆ ನಿಲ್ಲುತ್ತಿದ್ದರೆ, ಆದರೆ ನಿಧಾನ ಮತ್ತು ಜೋರಿನ ಓಟಗಳು ಸರಾಗವಾಗಿದ್ದರೆ, ರಿಲೇಯನ್ನು ಮುಟ್ಟದೆ ಪಾರ್ಕಿಂಗ್ ಸ್ವಿಚ್ಚನ್ನೂ ಅದಕ್ಕೆ ಬರುವ ಸಪ್ಲೈ ವೈರನ್ನೂ ನೋಡಬೇಕು. ಗೇರ್‌ಬಾಕ್ಸಿನ ಮುಚ್ಚಳ ತೆಗೆಯಬಹುದಾದ ಮೋಟರಾದರೆ ತಾಮ್ರದ ಪಟ್ಟಿಯ ಮೇಲೆ ಕಪ್ಪಾದ ಹಳೆಯ ಗ್ರೀಸ್ ಮೆತ್ತಿಕೊಂಡಿರುವುದು ಕಾಣುತ್ತದೆ. ಅದನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ಒರೆಸಿ, ಮುಟ್ಟುವ ನಾಲಿಗೆಗಳನ್ನು ತುಸು ಬಾಗಿಸಿ ಬಿಗಿಮಾಡಿದರೆ ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಅಳತೆ: ಲೋಡ್ ಇದ್ದಾಗ ಮಾತ್ರ

ಇಲ್ಲಿ ಒಂದು ತಪ್ಪನ್ನು ಕೆಲಸ ಬಲ್ಲವರೂ ಮಾಡುತ್ತಾರೆ. ಮೋಟರಿನ ಕನೆಕ್ಟರನ್ನು ಕಳಚಿ, ಮಲ್ಟಿಮೀಟರ್ ಇಟ್ಟು, 12 ವೋಲ್ಟ್ ಕಂಡಕೂಡಲೇ ಸಪ್ಲೈ ಸರಿಯಾಗಿದೆ, ಮೋಟರೇ ಹೋಗಿದೆ ಎಂದು ತೀರ್ಮಾನಿಸುತ್ತಾರೆ. ಮಲ್ಟಿಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಆದ್ದರಿಂದ ಒಂದೇ ಎಳೆ ಉಳಿದ ವೈರೂ, ಕಿಲುಬು ಹಿಡಿದ ಪಿನ್ನೂ ಅದಕ್ಕೆ ಪೂರ್ತಿ 12 ವೋಲ್ಟನ್ನೇ ತೋರಿಸುತ್ತವೆ. ವೈಪರ್ ಮೋಟರಾದರೋ ಒದ್ದೆ ಗಾಜಿನ ಮೇಲೆ ಓಡುವಾಗಲೇ ಹಲವು ಆಂಪಿಯರ್ ಎಳೆಯುತ್ತದೆ. 5 ಆಂಪಿಯರ್ ಎಂದಿಟ್ಟುಕೊಂಡರೆ, ಒಂದು ಪಿನ್ನಿನಲ್ಲಿ ಅರ್ಧ ಓಮ್ ತಡೆ ಸೇರಿಕೊಂಡರೂ ಅಲ್ಲಿಯೇ ಎರಡೂವರೆ ವೋಲ್ಟ್ ಸೋರಿಹೋಗುತ್ತದೆ, ಹನ್ನೆರಡೂವರೆ ವ್ಯಾಟ್ ಕಾವು ಆ ಒಂದೇ ಪಿನ್ನಿನಲ್ಲಿ ಹುಟ್ಟುತ್ತದೆ. ಕನೆಕ್ಟರಿನ ಬಿಳಿ ಪ್ಲಾಸ್ಟಿಕ್ ಒಂದು ತೂತಿನ ಸುತ್ತ ಮಾತ್ರ ಕಾಫಿ ಬಣ್ಣಕ್ಕೆ ತಿರುಗಿರುವುದನ್ನು ಕಂಡರೆ ಕಾರಣ ಇದೇ ಎಂದು ತಿಳಿಯಬೇಕು.

ಅಳೆಯುವ ಸರಿಯಾದ ರೀತಿ ಹೀಗೆ. ಕನೆಕ್ಟರ್ ಹಾಕಿದಂತೆಯೇ ಇರಲಿ. ಅದರ ಹಿಂಬದಿಯಿಂದ, ವೈರಿನ ಪಕ್ಕದಲ್ಲಿ ತೆಳುವಾದ ಪಿನ್ನು ತೂರಿಸಿ ಪ್ರೋಬ್ ಸಿಕ್ಕಿಸಬೇಕು. ವೈರಿನ ಸಿಪ್ಪೆಗೆ ಸೂಜಿ ಚುಚ್ಚಬಾರದು, ಆ ತೂತಿನಿಂದಲೇ ಮುಂದಿನ ಮಳೆಗೆ ನೀರು ನುಗ್ಗುತ್ತದೆ. ಬ್ಯಾಟರಿ ತುಂಬಿದ್ದರೆ ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. ಅದೇ ಇಲ್ಲದಿದ್ದರೆ ಮೊದಲು ಅತ್ತ ನೋಡಬೇಕು. ಗಾಜಿನ ಮೇಲೆ ನೀರು ಬಿಡುತ್ತ ವೈಪರನ್ನು ನಿಧಾನದ ಓಟದಲ್ಲಿ ಇಟ್ಟು ಎರಡು ಅಳತೆ ತೆಗೆದುಕೊಳ್ಳಬೇಕು. ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಮೋಟರಿನ ಅರ್ತ್ ಪಿನ್ನಿಗೂ ನಡುವೆ 0.2 ವೋಲ್ಟಿಗಿಂತ ಕಡಿಮೆ ಇರಬೇಕು. ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಮೋಟರಿನ ನಿಧಾನದ ಓಟದ ಪಿನ್ನಿಗೂ ನಡುವೆ ಅರ್ಧ ವೋಲ್ಟಿನ ಒಳಗಿದ್ದರೆ ಒಳ್ಳೆಯದು, ಒಂದು ವೋಲ್ಟ್ ದಾಟಿದರೆ ದಾರಿಯಲ್ಲೆಲ್ಲೋ ದೋಷವಿದೆ.

ವೈಪರ್ ನಿಂತ ಗಳಿಗೆಯಲ್ಲಿ ಈ ಅಳತೆಗಳು ಹೇಳುವ ಮಾತು ಇನ್ನೂ ಸ್ಪಷ್ಟ. ಅರ್ತ್ ಕಡೆಯ ಅಳತೆ ಇದ್ದಕ್ಕಿದ್ದಂತೆ 12 ವೋಲ್ಟಿನ ಸಮೀಪಕ್ಕೆ ಜಿಗಿದರೆ ಅರ್ತ್ ಕಡಿದಿದೆ. ಪಾಸಿಟಿವ್ ಕಡೆಯ ಅಳತೆ ಜಿಗಿದರೆ ಬ್ಯಾಟರಿಯಿಂದ ಮೋಟರಿನವರೆಗಿನ ದಾರಿ ಕಡಿದಿದೆ. ಎರಡೂ ಕಡಿಮೆಯೇ ಇದ್ದು, ಮೋಟರಿನ ಎರಡು ಪಿನ್ನುಗಳ ನಡುವೆ ಪೂರ್ತಿ ವೋಲ್ಟೇಜ್ ಇದ್ದು ಮೋಟರ್ ತಿರುಗದಿದ್ದರೆ ಮಾತ್ರ ದೋಷ ಮೋಟರಿನೊಳಗೆ ಅಥವಾ ಅದರ ಮುಂದಿನ ಲಿಂಕೇಜಿನಲ್ಲಿದೆ.

ಅಂಗಡಿಯಲ್ಲಿ ನಿಲ್ಲಲು ಒಪ್ಪದ ವೈಪರಿಗೆ ನಾನು ಮಾಡುವ ಉಪಾಯವೊಂದಿದೆ. 5 ವ್ಯಾಟಿನ ಪಾರ್ಕಿಂಗ್ ಬಲ್ಬೊಂದಕ್ಕೆ ಎರಡು ವೈರ್ ಬೆಸೆದು, ಒಂದನ್ನು ಮೋಟರಿನ ನಿಧಾನದ ಓಟದ ಪಿನ್ನಿಗೂ ಇನ್ನೊಂದನ್ನು ಮೋಟರಿನದೇ ಅರ್ತ್ ಪಿನ್ನಿಗೂ ಸೇರಿಸಿ, ಬಲ್ಬನ್ನು ಗಾಜಿನ ಬುಡದಲ್ಲಿ ಒಳಗಿನಿಂದ ಕಾಣುವಂತೆ ಟೇಪ್ ಸುತ್ತಿ ಕೂರಿಸಿ ಕಾರನ್ನು ಮಾಲೀಕರಿಗೆ ಕೊಟ್ಟು ಕಳಿಸುತ್ತೇನೆ. ಮಳೆಯಲ್ಲಿ ನಿಧಾನದ ಓಟದಲ್ಲಿ ವೈಪರ್ ನಿಂತಾಗ ಬಲ್ಬ್ ಉರಿಯುತ್ತಿತ್ತೋ ಆರಿತ್ತೋ ಎಂದಷ್ಟೇ ಅವರು ಬಂದು ಹೇಳಬೇಕು. ಉರಿಯುತ್ತಿದ್ದರೆ ಮೋಟರ್ ಅಥವಾ ಭಾರ, ಆರಿದ್ದರೆ ಸಪ್ಲೈ ಅಥವಾ ಅರ್ತ್. ಎರಡು ರೂಪಾಯಿ ವೈರಿನ ಈ ಕೆಲಸ ಎಷ್ಟೋ ಮೋಟರುಗಳನ್ನು ಉಳಿಸಿದೆ.

ಅರ್ತ್

ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ರಾತ್ರಿ ಪಾಳಿಗೆ ಹೋಗುವ ಒಬ್ಬರ ಕಾರು ನನ್ನ ಬಳಿ ಬಂದಾಗ ಅದರಲ್ಲಿದ್ದುದು ಮೂರನೆಯ ಮೋಟರ್. ಹಗಲು ವೈಪರ್ ಓಡುತ್ತಿತ್ತು. ಹೋಗುವಾಗ ಕತ್ತಲಾದ ಮೇಲೆ ನಿಧಾನವಾಗಿ, ಕೆಲವೊಮ್ಮೆ ನಿಂತೇಹೋಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಸರಿಯಾಗಿ ಕಡ್ಡಿಗಳು ನಡುಗುತ್ತಿದ್ದವು. ಹಗಲು ರಾತ್ರಿಯ ವ್ಯತ್ಯಾಸವೆಂದರೆ ಹೆಡ್‌ಲೈಟ್ ಅಲ್ಲವೇ ಎಂದು ಅದನ್ನು ಹಾಕಿಸಿ ಅರ್ತ್ ಕಡೆಯ ಅಳತೆ ತೆಗೆದಾಗ ಮೀಟರ್ 3.1 ವೋಲ್ಟ್ ತೋರಿಸಿತು. ಬ್ಯಾಟರಿ ತಟ್ಟೆಯ ಕೆಳಗೆ ಹೆಡ್‌ಲೈಟಿನದೂ ವೈಪರಿನದೂ ಸೇರುವ ಅರ್ತ್ ಬೋಲ್ಟ್ ನೋಡಲು ಬಿಗಿಯಾಗಿಯೇ ಇತ್ತು. ಬಿಚ್ಚಿ ನೋಡಿದರೆ ಉಂಗುರದ ಕೆಳಗಿನ ತಗಡಿಗೆ ಹೊಸ ಬಣ್ಣ ಬಳಿದಿತ್ತು. ಹಿಂದೆ ಎಲ್ಲಿಯೋ ಮುಂಭಾಗ ಗುದ್ದಿಸಿಕೊಂಡಾಗ ಡೆಂಟಿಂಗ್ ಪೇಂಟಿಂಗ್ ಮಾಡಿದವರು ಬೋಲ್ಟಿನ ತಳವನ್ನೂ ಬಿಡದೆ ಬಣ್ಣ ಹೊಡೆದು, ಅದರ ಮೇಲೆಯೇ ಉಂಗುರ ಕೂರಿಸಿದ್ದರು; ಕರೆಂಟು ಬೋಲ್ಟಿನ ಹಲ್ಲುಗಳ ಮೂಲಕವಷ್ಟೇ ಹೇಗೋ ದಾರಿ ಮಾಡಿಕೊಂಡು ಹೋಗುತ್ತಿತ್ತು. ಕಬ್ಬಿಣ ಹೊಳೆಯುವ ತನಕ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದ ಮೇಲೆ ಅಳತೆ 0.06ಕ್ಕೆ ಇಳಿಯಿತು. ಮೊದಲ ಎರಡು ಮೋಟರುಗಳ ಹಣ ವಾಪಸು ಬರುವಂತಿರಲಿಲ್ಲ.

ಅರ್ತ್ ಕೆಟ್ಟಿರುವ ಕುರುಹುಗಳು ಬಹುಮಟ್ಟಿಗೆ ಹೀಗೆ ನೆರೆಹೊರೆಯವರನ್ನು ಸೇರಿಸಿಕೊಂಡೇ ಬರುತ್ತವೆ. ಹೆಡ್‌ಲೈಟ್ ಹಾಕಿದರೆ ವೈಪರ್ ಕುಗ್ಗುವುದು, ಹಾರ್ನ್ ಒತ್ತಿದರೆ ನಿಲ್ಲುವುದು, ವಾಷರ್ ಒತ್ತಿದರೆ ಕಡ್ಡಿಗಳು ತಡವರಿಸುವುದು ಇವೆಲ್ಲ ಒಂದೇ ಬೋಲ್ಟಿನ ಕಡೆಗೆ ಬೆರಳು ತೋರಿಸುತ್ತವೆ. ಅನುಮಾನ ಬಂದರೆ ದಪ್ಪನೆಯ ಜಂಪರ್ ವೈರೊಂದರಿಂದ ಮೋಟರಿನ ಅರ್ತ್ ಪಿನ್ನನ್ನು ನೇರವಾಗಿ ಬ್ಯಾಟರಿ ನೆಗೆಟಿವ್‌ಗೆ ಸೇರಿಸಿ ನೋಡಬೇಕು. ಓಟ ಕೂಡಲೇ ಚುರುಕಾದರೆ ಇನ್ನು ಚರ್ಚೆಯಿಲ್ಲ. ಆದರೆ ಯಾವ ವೈರ್ ಅರ್ತ್ ಎಂಬುದನ್ನು ಆ ಕಾರಿನ ವೈರಿಂಗ್ ನಕ್ಷೆಯಲ್ಲಿ ಖಚಿತಪಡಿಸಿಕೊಳ್ಳದೆ ಜಂಪರ್ ಹಾಕಬಾರದು, ಬಣ್ಣ ನೋಡಿ ಊಹಿಸಬಾರದು.

ಫ್ಯೂಸ್, ವೈರಿಂಗ್, ಸ್ವಿಚ್

ಫ್ಯೂಸ್ ಸುಟ್ಟಿದ್ದರೆ ವೈಪರ್ ಪೂರ್ತಿ ನಿಲ್ಲುತ್ತದೆ, ಆಗಾಗ ನಿಲ್ಲುವುದಿಲ್ಲ. ಆದರೂ ಫ್ಯೂಸಿನ ಕಾಲುಗಳು ಸಡಿಲಾಗಿ ಕೂತಿದ್ದರೆ, ಒಂದು ಕಾಲು ನೀಲಿಯಾಗಿ ಸುಟ್ಟಿದ್ದರೆ, ಅದನ್ನು ಹಿಡಿಯುವ ತೊಟ್ಟಿಲಿನ ಬಿಗಿ ಹೋಗಿದೆ ಎಂದು ತಿಳಿದು ಅದನ್ನು ಸರಿಪಡಿಸಬೇಕು. ಫ್ಯೂಸ್ ಪದೇ ಪದೇ ಸುಡುತ್ತಿದ್ದರೆ ಮೋಟರ್ ಅತಿ ಭಾರ ಎಳೆಯುತ್ತಿದೆ ಅಥವಾ ವೈರ್ ಎಲ್ಲಿಯೋ ಬಾಡಿಗೆ ತಾಗುತ್ತಿದೆ. ಆಗ ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕುವುದು, ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು ಕಾರಿಗೆ ಬೆಂಕಿ ಇಡುವ ಕೆಲಸ.

ವೈರಿಂಗ್‌ನಲ್ಲಿ ಮೂರು ಜಾಗಗಳನ್ನು ಮೊದಲು ನೋಡಬೇಕು: ವೈರುಗಳು ಎಂಜಿನ್ ಕೋಣೆಯಿಂದ ಒಳಗೆ ಬರುವ ತೂತಿನ ರಬ್ಬರ್ ಗ್ರಾಮೆಟ್, ಮೋಟರಿನ ಕನೆಕ್ಟರಿನ ಹಿಂದಿನ ಒಂದು ಗೇಣು, ಮತ್ತು ಎತ್ತರ ತಗ್ಗು ಮಾಡಬಹುದಾದ ಸ್ಟೇರಿಂಗ್ ಇದ್ದರೆ ಅದರ ಕೆಳಗೆ ಬಾಗಿ ಬಾಗಿ ದಣಿಯುವ ಕಟ್ಟು. ವೈಪರ್ ಓಡುತ್ತಿರುವಾಗ ಒಬ್ಬರು ವೈರುಗಳ ಕಟ್ಟನ್ನು (ಹಾರ್ನೆಸ್) ಗೇಣು ಗೇಣಾಗಿ ಮೆಲ್ಲಗೆ ಅಲುಗಿಸುತ್ತ ಹೋಗಬೇಕು, ಇನ್ನೊಬ್ಬರು ಕಡ್ಡಿಗಳನ್ನು ನೋಡುತ್ತಿರಬೇಕು. ರಾಗಿ ಕಣಜ, ಕೋಳಿ ಫಾರಂ, ರೇಷ್ಮೆ ಮನೆಗಳ ಪಕ್ಕ ಕಾರು ನಿಲ್ಲಿಸುವವರು ಇಲಿ ಕಡಿತವನ್ನು ಮರೆಯಬಾರದು. ಇಲಿ ವೈರನ್ನು ಪೂರ್ತಿ ತುಂಡು ಮಾಡದೆ ಸಿಪ್ಪೆ ತಿಂದು ಎರಡು ಎಳೆ ಉಳಿಸಿ ಹೋದರೆ ಹುಟ್ಟುವುದು ಇದೇ ಬಗೆಯ ಆಗಾಗ ಕಾಣುವ ದೋಷ.

ಕನೆಕ್ಟರಿನ ಹೆಣ್ಣು ಪಿನ್ನುಗಳು ಅಗಲವಾಗಿ ಹಿಡಿತ ಕಳೆದುಕೊಂಡಿವೆಯೇ ಎಂದು ನೋಡಲು ಅದೇ ಅಳತೆಯ ಬಿಡಿ ಗಂಡು ಪಿನ್ನೊಂದನ್ನು ತೂರಿಸಿ ಎಳೆದು ನೋಡಬೇಕು. ತಾನಾಗಿ ಜಾರಿ ಬಂದರೆ ಪಿನ್ ಬದಲಿಸಬೇಕು. ಮರಳು ಕಾಗದ ಹಾಕಿ ತಿಕ್ಕುವ ಅಭ್ಯಾಸ ಬೇಡ, ಪಿನ್ನಿನ ಮೇಲಿನ ತವರದ ಲೇಪ ಹೋದರೆ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ.

ಕಾಂಬಿನೇಷನ್ ಸ್ವಿಚ್ಚಿನ ದೋಷವನ್ನು ಕೈಯೇ ಹೇಳುತ್ತದೆ. ಸ್ವಿಚ್ಚಿನ ಹಿಡಿಯನ್ನು ಒಂದು ಸ್ಥಾನದಲ್ಲಿಟ್ಟು ತುಸು ಮೇಲೆ, ಕೆಳಗೆ, ಸ್ಟೇರಿಂಗಿನ ಕಡೆಗೆ ಒತ್ತಿದಾಗ ವೈಪರ್ ಹೋಗಿ ಬಂದು ಮಾಡಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಅದನ್ನು ಬಿಚ್ಚುವ ಮೊದಲು ಬ್ಯಾಟರಿ ನೆಗೆಟಿವ್ ಕಳಚಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು, ಏಕೆಂದರೆ ಅದರ ಪಕ್ಕದಲ್ಲಿಯೇ ಏರ್‌ಬ್ಯಾಗ್ ಇದೆ. ಅದರ ಹಳದಿ ಕನೆಕ್ಟರುಗಳಿಗೆ ಮೀಟರನ್ನಾಗಲಿ ಟೆಸ್ಟ್ ಲ್ಯಾಂಪನ್ನಾಗಲಿ ಎಂದಿಗೂ ತಾಗಿಸಬಾರದು.

ಕಾವು ಏರಿ ನಿಲ್ಲುವ ವೈಪರ್

ಹತ್ತು ನಿಮಿಷ ಓಡಿ, ನಿಂತು, ಐದಾರು ನಿಮಿಷದಲ್ಲಿ ತಾನಾಗಿ ಚೇತರಿಸಿಕೊಳ್ಳುವ ವೈಪರಿನಲ್ಲಿ ಕೆಲಸ ಮಾಡುತ್ತಿರುವುದು ಮೋಟರಿನೊಳಗಿನ ಕಾವಿನ ರಕ್ಷಕ. ಮೋಟರ್ ಮಿತಿಮೀರಿ ಕಾದಾಗ ಅದು ಕರೆಂಟನ್ನು ಕಡಿದು, ತಣಿದ ಮೇಲೆ ಮತ್ತೆ ಸೇರಿಸುತ್ತದೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಕೇಳಬೇಕಾದದ್ದು ಮೋಟರ್ ಏಕೆ ಕಾಯುತ್ತಿದೆ ಎಂದು.

ನಮ್ಮ ಕಡೆ ಇದರ ಉತ್ತರ ಬಹುಮಟ್ಟಿಗೆ ಕಡ್ಡಿಗಳ ಬುಡದ ತಿರುಗುಣಿಯಲ್ಲಿರುತ್ತದೆ. ಕ್ರಷರ್‌ಗಳ ಹಾದಿಯಲ್ಲಿ ಓಡಾಡುವ ಕಾರುಗಳಲ್ಲಿ ಕಲ್ಲಿನ ಹಿಟ್ಟು ಹಳೆಯ ಗ್ರೀಸಿನೊಂದಿಗೆ ಕಲಸಿ ಒಣಗಿ, ಬುಷ್‌ನೊಳಗೆ ಸಿಮೆಂಟಿನಂತೆ ಕೂತಿರುವುದನ್ನು ನಾನು ಉಳಿಯಿಂದ ಕೆರೆದು ತೆಗೆದಿದ್ದೇನೆ. ಪರೀಕ್ಷೆ ಸರಳ. ಬ್ಯಾಟರಿ ಕಳಚಿ, ಮೋಟರಿನ ಕ್ರ್ಯಾಂಕಿನಿಂದ ಲಿಂಕೇಜನ್ನು ಬಿಡಿಸಿ, ಕಡ್ಡಿಗಳನ್ನು ಕೈಯಿಂದ ಅತ್ತಿತ್ತ ಆಡಿಸಬೇಕು. ಎಲ್ಲಿಯೂ ಹಿಡಿಯದೆ, ಒಂದೇ ಸಮನೆ ಆಡಬೇಕು. ಒಂದು ಬದಿ ಬಿಗಿಯಾಗಿದ್ದರೆ ಆ ತಿರುಗುಣಿಯ ಲಾಕ್ ತೆಗೆದು, ಶಾಫ್ಟ್ ಹೊರಗೆಳೆದು, ತುಕ್ಕು ಒರೆಸಿ ಹೊಸ ಗ್ರೀಸ್ ಹಾಕಬೇಕು; ಮೇಲಿನಿಂದ ಎಣ್ಣೆ ಬಿಟ್ಟು ಸುಮ್ಮನಾದರೆ ಒಂದು ವಾರ ಓಡಿ ಮತ್ತೆ ಹಿಡಿಯುತ್ತದೆ. ಆಮೇಲೆ ಬ್ಯಾಟರಿ ಸೇರಿಸಿ ಬರಿಯ ಮೋಟರನ್ನು ಕಾಲು ಗಂಟೆ ಓಡಿಸಬೇಕು. ಭಾರವಿಲ್ಲದೆಯೂ ಕಾದು ನಿಂತರೆ ಮೋಟರಿನದ್ದೇ ದೋಷ, ನಿಲ್ಲದಿದ್ದರೆ ಅದು ನಿರಪರಾಧಿ. ಈ ಪರೀಕ್ಷೆಯ ಹೊತ್ತಿಗೆ ಕ್ರ್ಯಾಂಕಿನ ಹತ್ತಿರ ಬೆರಳು ಹೋಗಬಾರದು. ನಿಂತಿದೆಯೆಂದು ತೋರುವ ಮೋಟರ್ ರಕ್ಷಕ ತಣಿದ ಗಳಿಗೆಯಲ್ಲಿ ಹೇಳದೆ ಕೇಳದೆ ತಿರುಗುತ್ತದೆ, ಬೆರಳು ಮುರಿಯುವಷ್ಟು ಬಲ ಅದಕ್ಕಿದೆ.

ಭಾರ ಹೆಚ್ಚಿಸುವ ಬೇರೆ ಕಾರಣಗಳೂ ಇವೆ. ಗಾಜು ಒಣಗಿದ್ದಾಗ ವೈಪರ್ ಓಡಿಸುವುದು, ಬಿಸಿಲಿಗೆ ಗಟ್ಟಿಯಾದ ರಬ್ಬರ್, ಕಾರಿನ ಅಳತೆಗಿಂತ ಉದ್ದದ ಬ್ಲೇಡ್ ಇವೆಲ್ಲ ಮೋಟರನ್ನು ದುಡಿಸುತ್ತವೆ. ನಮ್ಮಲ್ಲಿ ಇದಕ್ಕೆ ಬೋರ್‌ವೆಲ್ ನೀರೂ ಸೇರುತ್ತದೆ: ವಾಷರ್ ತೊಟ್ಟಿಗೆ ಆ ಗಡಸು ನೀರು ತುಂಬಿಸಿದರೆ ನಳಿಕೆಯ ತೂತು ಬಿಳಿ ಸುಣ್ಣ ಕಟ್ಟಿ ಮುಚ್ಚುತ್ತದೆ, ನೀರು ಬಾರದೆ ಕಡ್ಡಿಗಳು ಒಣ ಧೂಳನ್ನೇ ಉಜ್ಜುತ್ತವೆ. ಶುದ್ಧ ನೀರಿನ ಘಟಕದಿಂದ ತಂದ ಎರಡು ಲೀಟರ್ ಇದಕ್ಕೆ ಸಾಕು.

ಗಾಜಿನ ಬುಡದ ಕಪ್ಪು ಪ್ಲಾಸ್ಟಿಕ್ ಮುಚ್ಚಳದ ಕೆಳಗಿನ ಕಾಲುವೆಯನ್ನೂ ನೋಡಬೇಕು. ಹೊಂಗೆ ಮರದ ನೆರಳಿನಲ್ಲಿ ನಿಲ್ಲುವ ಕಾರುಗಳಲ್ಲಿ ಬೇಸಿಗೆಯ ಹೂವು, ಹುಣಸೆ ಮರದಡಿ ನಿಲ್ಲುವ ಕಾರುಗಳಲ್ಲಿ ಆ ಸಣ್ಣ ಎಲೆಗಳು ಜಾಲರಿಯಿಂದ ಒಳಗಿಳಿದು, ಕೊಳೆತು, ನೀರು ಹೋಗುವ ತೂತುಗಳನ್ನು ಮುಚ್ಚುತ್ತವೆ. ಆಮೇಲೆ ಬರುವ ಮಳೆ ನೀರು ಅಲ್ಲಿ ನಿಂತು ಮೋಟರನ್ನೂ ಕನೆಕ್ಟರನ್ನೂ ನೆನೆಸುತ್ತದೆ. ಜೋರು ಮಳೆಯಲ್ಲಿ ಮಾತ್ರ ನಿಂತು, ಬಿಸಿಲಿಗೆ ಒಣಗಿದ ಮೇಲೆ ಸರಿಹೋಗುವ ವೈಪರಿಗೆ ಒಂದು ಬೊಗಸೆ ಗೊಬ್ಬರ ತೆಗೆದುಹಾಕುವುದೇ ಅರ್ಧ ರಿಪೇರಿ.

ಮೋಟರ್ ಮತ್ತು ಹೊಸ ಕಾರುಗಳು

ಇಷ್ಟೆಲ್ಲ ಸರಿಯಿದ್ದು, ನಿಂತ ಗಳಿಗೆಯಲ್ಲಿ ಪಿನ್ನುಗಳಲ್ಲಿ ಪೂರ್ತಿ ವೋಲ್ಟೇಜ್ ಇದ್ದು, ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿನ ಮೈಗೆ ಮೆಲ್ಲಗೆ ತಟ್ಟಿದಾಗ ಓಡತೊಡಗಿದರೆ ಕಾರ್ಬನ್ ಸವೆದಿದೆ ಅಥವಾ ಅದು ತಾಗುವ ತಾಮ್ರದ ಕಮ್ಯುಟೇಟರ್ ಕಪ್ಪುಗಟ್ಟಿದೆ. ಕಾರ್ಬನ್ ಸಿಗುವ ಮಾದರಿಯಾದರೆ ಬದಲಿಸಬಹುದು, ಇಲ್ಲದಿದ್ದರೆ ಆಗ ಹೊಸ ಮೋಟರ್ ಹಾಕುವುದು ನ್ಯಾಯ. ತಟ್ಟಿ ಓಡಿಸುತ್ತ ಇನ್ನೊಂದು ಮಳೆಗಾಲ ತಳ್ಳುವುದು ಬೇಡ.

ಈಚಿನ ಹಲವು ಕಾರುಗಳಲ್ಲಿ ಸ್ವಿಚ್ ಮೋಟರಿಗೆ ನೇರವಾಗಿ ಕರೆಂಟು ಕೊಡುವುದಿಲ್ಲ; ಬಾಡಿ ಕಂಟ್ರೋಲ್ ಮಾಡ್ಯೂಲಿಗೆ ಸಂದೇಶ ಕೊಡುತ್ತದೆ, ಅದು ರಿಲೇಯನ್ನೋ ಮೋಟರನ್ನೋ ಓಡಿಸುತ್ತದೆ. ಇವುಗಳಲ್ಲಿ ಸ್ಕ್ಯಾನರ್ ಹಾಕಿ ಎರಡು ಸಾಲು ನೋಡಬೇಕು: ಸ್ವಿಚ್ಚಿನ ಕೋರಿಕೆ ಮಾಡ್ಯೂಲಿಗೆ ಮುಟ್ಟುತ್ತಿದೆಯೇ, ಮಾಡ್ಯೂಲ್ ಆದೇಶ ಹೊರಡಿಸುತ್ತಿದೆಯೇ? ಕೋರಿಕೆ ಇಲ್ಲದಿದ್ದರೆ ಸ್ವಿಚ್, ಕೋರಿಕೆ ಇದ್ದು ಆದೇಶವಿಲ್ಲದಿದ್ದರೆ ಮಾಡ್ಯೂಲ್ ಅಥವಾ ಅದರ ಸಪ್ಲೈ, ಆದೇಶವಿದ್ದೂ ಓಟವಿಲ್ಲದಿದ್ದರೆ ಮೇಲೆ ಹೇಳಿದ ಹಳೆಯ ದಾರಿಯೇ. ಕೆಲವು ಕಾರುಗಳಲ್ಲಿ ಬಾನೆಟ್ ತೆರೆದಿದ್ದರೆ ವೈಪರ್ ಓಡದಂತೆ ಏರ್ಪಾಡಿರುತ್ತದೆ. ಅದರ ಸ್ವಿಚ್ ಹದಗೆಟ್ಟು ಬಾನೆಟ್ ಮುಚ್ಚಿದ್ದರೂ ತೆರೆದಿದೆಯೆಂದು ಹೇಳುತ್ತಿದ್ದರೆ ಬೇರೆಲ್ಲವನ್ನೂ ಹುಡುಕಿ ದಣಿಯಬೇಕಾಗುತ್ತದೆ.

ರಿಪೇರಿ ಮುಗಿದ ಮೇಲೆ ಗಾಜಿಗೆ ಪೈಪಿನಿಂದ ನೀರು ಬಿಡುತ್ತ, ಹೆಡ್‌ಲೈಟ್, ಬ್ಲೋವರ್, ಇಂಡಿಕೇಟರ್ ಎಲ್ಲವನ್ನೂ ಹಾಕಿಕೊಂಡು, ಮೊದಲು ನಿಲ್ಲುತ್ತಿದ್ದುದಕ್ಕಿಂತ ಎರಡರಷ್ಟು ಹೊತ್ತು ವೈಪರನ್ನು ಓಡಿಸಬೇಕು. ಕೊನೆಗೆ ಕೀಲಿಯನ್ನು ಆಫ್ ಮಾಡದೆ ವೈಪರ್ ಸ್ವಿಚ್ಚನ್ನು ಮಾತ್ರ ಆಫ್ ಮಾಡಿ ಕಡ್ಡಿಗಳು ತಮ್ಮ ಜಾಗಕ್ಕೆ ಬಂದು ಮಲಗುತ್ತವೆಯೇ ನೋಡಿ, ಅರ್ತ್ ಮತ್ತು ಸಪ್ಲೈ ಕಡೆಯ ಎರಡು ಅಳತೆಗಳನ್ನು ದಿನಾಂಕದ ಜೊತೆ ಬಿಳಿ ಟೇಪಿನ ಮೇಲೆ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಬೇಕು. ಮುಂದಿನ ಸಲ ಕಾರು ಯಾರ ಕೈಗೆ ಹೋದರೂ ಅವರು ತಮ್ಮ ಮೀಟರಿನ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿಕೊಳ್ಳಬಹುದು.